ಹೋರಿಯ ಸಂಬಳ

ಹೋದ ವಾರ ವೇಲಚೇರಿಯಲ್ಲಿ ಮಗಳ ಫ್ಲ್ಯಾಟಿನ ಕೆಳಗೆ ಹೊಸದಾಗಿ ತೆರೆದ ಗಾಣದ ಎಣ್ಣೆ ಅಂಗಡಿಗೆ ಮೊಮ್ಮಗಳ ಕೈ ಹಿಡಿದುಕೊಂಡು ಹೋಗಿದ್ದೆ. ಗಾಜಿನ ಬಾಗಿಲು, ಒಳಗೆ ಎ.ಸಿ. ಮರದ ಗಾಣ ಕರೆಂಟಿನಲ್ಲಿ ತಿರುಗುತ್ತಿತ್ತು. ಎಣ್ಣೆ ಬಾಟಲಿಗಳ ಹಿಂದೆ, ಮೂಲೆಯಲ್ಲಿ, ಆಗಷ್ಟೇ ಗಾಣದಿಂದ ತೆಗೆದ ಕಡಲೆಕಾಯಿ ಹಿಂಡಿಯನ್ನು ಗೋಣಿಚೀಲಕ್ಕೆ ತುಂಬಿಟ್ಟಿದ್ದರು. ಬಿಸಿ ಹಿಂಡಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕಾಲು ಅಲ್ಲೇ ನಿಂತಿತು.

"ಪಾಟಿ, ಪೋಲಾಮಾ?" ಎಂದು ಮಗು ಕೈ ಜಗ್ಗಿತು. ನಾನು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವ ಮಗು ಅದು. "ಇರು ಕಂದ, ಹೋಗೋಣ" ಎಂದೆ. ಆದರೆ ಹೋಗಲಾಗಲಿಲ್ಲ. ಸಿಟ್ಟು ಬಂದಿತ್ತು. ಹಿಂಡಿಯ ವಾಸನೆಗೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? ನನಗೆ ಬರುತ್ತದೆ. ಇಷ್ಟು ವರ್ಷ ಕಳೆದರೂ ಬರುತ್ತದೆ.

ಆ ವಾಸನೆಗೆ ನೆನಪಾಗುವವಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಬೆಟ್ಟದ ಅಕ್ಕ.

ನಮ್ಮದು ತಾತನ ಕಾಲದಿಂದ ಮದರಾಸಿನಲ್ಲಿ ನೆಲೆನಿಂತ ಕುಟುಂಬ. ದೇವರ ಮನೆಯಲ್ಲೂ ಅಡುಗೆ ಮನೆಯಲ್ಲೂ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನ ಗಂಡ ಬ್ಯಾಂಕಿನವರು. ಅವರಿಗೆ ಒಮ್ಮೆ ಈರೋಡಿನ ಆಚೆ ಅಂದಿಯೂರಿಗೆ ವರ್ಗವಾಯಿತು. ಆ ಊರಿನ ನೆತ್ತಿಯ ಮೇಲೆ ಬೆಟ್ಟದ ಸಾಲು. ಬೆಟ್ಟ ತಮಿಳುನಾಡಿನದು, ಬೆಟ್ಟದ ಮೇಲಿನ ಹಾಡಿಗಳಲ್ಲಿ ದನ ಸಾಕಿಕೊಂಡಿರುವ ಜನರ ಮಾತು ಮಾತ್ರ ಕನ್ನಡ. ಒಂದು ದಿನ ಬ್ಯಾಂಕಿಗೆ ಬಂದ ಹೆಂಗಸೊಬ್ಬಳ ಮಾತು ಕ್ಯಾಷಿಯರಿಗೆ ಅರ್ಥವಾಗದೆ, ಕ್ಯಾಷಿಯರನ ಮಾತು ಅವಳಿಗೆ ಅರ್ಥವಾಗದೆ ಜಗಳ ಜೋರಾಗಿ, ಇವರು ಬಿಡಿಸಿ, "ಮನೆಗೆ ಹೋಗಿ ಮಜ್ಜಿಗೆ ಕುಡಿದು ಹೋಗಿ" ಎಂದು ಕಳಿಸಿದರು. ಹಾಗೆ ಅವಳು ನಮ್ಮ ಮನೆಗೆ ಬಂದಳು.

ಎತ್ತರದ ಆಳು. ಬಾಯಿ ತುಂಬ ಎಲೆ ಅಡಿಕೆ. ಬೆಟ್ಟದ ಈ ಬದಿಯಿಂದ ಆ ಬದಿಗೆ ಕೂಗಿ ಕೂಗಿ ಬಲಿತ ಗಂಟಲು, ನಮ್ಮ ಪುಟ್ಟ ಅಡುಗೆ ಮನೆಯಲ್ಲಿ ಪಾತ್ರೆಗಳು ಅದುರುತ್ತಿದ್ದವು. ನಾನು ಮಾತಾಡಿದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ನಿಂದೇನವ್ವಾ ಕನ್ನಡ! ಅರ್ಧ ಅರವು, ಅರ್ಧ ಇಂಗ್ಲೀಸು" ಎಂದಳು, ತಮಿಳಿಗೆ ಅವಳ ಮಾತಿನಲ್ಲಿ ಅರವು. "ಆದ್ರೂ ಇರ್ಲಿ ಬುಡು, ಕಿವಿಗೆ ತಂಪಾಯ್ತು."

ಅಂದಿನಿಂದ ಸಂತೆಗೆ ಇಳಿದಾಗಲೆಲ್ಲ ಬರುತ್ತಿದ್ದಳು. ಬೆಣ್ಣೆ ತರುತ್ತಿದ್ದಳು, ದುಡ್ಡು ಕೊಡಹೋದರೆ ಮುನಿಸಿಕೊಂಡು ಎರಡು ಸಂತೆ ಮುಖ ತೋರಿಸುತ್ತಿರಲಿಲ್ಲ. ತುಂಬ ಒಳ್ಳೆಯವಳು ಎಂದೆಲ್ಲ ಹೇಳಲಾರೆ. ಜಗಳಗಂಟಿ. ಯಾರ ಮೇಲಾದರೂ ಚಾಡಿ ಹೇಳುವುದೆಂದರೆ ಬಲು ಇಷ್ಟ. ತನ್ನ ಹೋರಿಯ ವಯಸ್ಸನ್ನು ಪ್ರತಿ ಸಲವೂ ಕಡಿಮೆ ಮಾಡಿಯೇ ಹೇಳುತ್ತಿದ್ದಳು, ಮದುವೆಯಾಗದ ಮಗಳ ವಯಸ್ಸು ಹೇಳುವ ತಾಯಿಯಂತೆ. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಾಲ್ಕಾರು ಹಸು, ಪಕ್ಕದ ಮನೆಯಲ್ಲಿ ತಮ್ಮನ ಸಂಸಾರ, ಮತ್ತೆ ಆ ಹೋರಿ.

ಒಮ್ಮೆ ನಾನೂ ನನ್ನ ಗಂಡನೂ ಬೆಟ್ಟ ಹತ್ತಿ ಆ ಹೋರಿಯನ್ನು ನೋಡಿಕೊಂಡು ಬಂದೆವು. ಕಂದು ಮೈ, ಅದರ ಮೇಲೆ ಸುಣ್ಣ ಎರಚಿದಂತೆ ಬಿಳಿ ಮಚ್ಚೆ. ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಪ್ರಾಣಿ, ಅವಳು ನಾಲಿಗೆಯಿಂದ ಲೊಚ್ ಎಂದರೆ ಬಂದು ತಲೆ ತಗ್ಗಿಸುತ್ತಿತ್ತು. ಅವಳು ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ಉಗುರಿನಿಂದ ಕೆರೆಯುತ್ತಾ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು, ಅದು ಕಣ್ಣು ಮುಚ್ಚಿಕೊಂಡು ಕೇಳುತ್ತಿತ್ತು.

ಆ ಹಾಡಿಯಲ್ಲಿ ಉಳಿದಿದ್ದ ಒಂದೇ ಒಂದು ಬೀಜದ ಹೋರಿ ಅದು.

"ಹಾಲು ಕರೆಯಲ್ಲ, ನೇಗಿಲು ಎಳೆಯಲ್ಲ ಅಂದ್ಬುಟ್ಟು ಎಲ್ರೂ ಮಾರ್ಕೊಂಡ್ರು ಕನವ್ವಾ. ಹಸ ಎಲ್ರಿಗೂ ಬೇಕು. ಹೋರಿ ಯಾರ್ಗೂ ಬ್ಯಾಡ. ಕರ ಏನು ಮೋಡದಿಂದ ಬೀಳ್ತದಾ?"

ಹಾಡಿಯ ಎಲ್ಲರ ಹಸುಗಳೂ ಅವಳ ಹೋರಿಯ ಜೊತೆಗೇ ಮೇಯುತ್ತಿದ್ದವು, ಅದರಿಂದಲೇ ಗಬ್ಬವಾಗುತ್ತಿದ್ದವು. ಅದಕ್ಕೆ ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಯಾಕೆ ಎಂದು ನನ್ನ ಗಂಡ ಬ್ಯಾಂಕಿನವರ ಹಾಗೆ ಕೇಳಿದರು. "ಬಸುರಿಗೆ ಬೆಲೆ ಕಟ್ತಾರಾ ಬುದ್ಧೀ?" ಎಂದು ಅವರ ಬಾಯಿ ಮುಚ್ಚಿಸಿದಳು. ಹಾಡಿಗೆಲ್ಲ ಬೇಕಾದದ್ದನ್ನು ಒಬ್ಬಳೇ ಸಾಕುತ್ತಿದ್ದಳು. ಅಷ್ಟು ದೊಡ್ಡ ಮೈ, ಅಷ್ಟು ದೊಡ್ಡ ಹೊಟ್ಟೆ. ಆ ವೇಳೆಗೆ ಕಾಡಿನ ಮೇವಿಗೂ ಅಡ್ಡಿಗಳು ಶುರುವಾಗಿದ್ದವು. ಹುಲ್ಲನ್ನು ಕೆಳಗಿನಿಂದ ಕೊಂಡು ಮೇಲಕ್ಕೆ ಸಾಗಿಸಬೇಕಿತ್ತು.

ನಾವು ಮತ್ತೆ ಚೆನ್ನೈಗೆ ಬಂದು ಕ್ರೋಂಪೇಟೆಯಲ್ಲಿ ಮನೆ ಮಾಡಿದೆವು. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅವಳ ಫೋನು. ಅವಳು ಫೋನಿನಲ್ಲೂ ಬೆಟ್ಟದಿಂದ ಬೆಟ್ಟಕ್ಕೆ ಕೂಗುವಂತೆಯೇ ಮಾತಾಡುತ್ತಿದ್ದಳು.

"ಹೋರಿಗೆ ಸಂಬಳವಂತೆ ಕನವ್ವಾ! ಸರ್ಕಾರದೋರು ತಿಂಗ್ ತಿಂಗಳೂ ಕೊಡ್ತಾರಂತೆ, ನಿನ್ನ ಗಂಡನಂಗೆ! ಇನ್ನು ಅದಕ್ಕೂ ಒಂದು ಕನ್ನಡಕ ತಂದಾಕ್ಬೇಕು!"

ನಗು ನಿಲ್ಲಲೇ ಇಲ್ಲ. ನಾಡತಳಿಯ ಬೀಜದ ಹೋರಿ ಸಾಕುವ ಸಣ್ಣ ರೈತರಿಗೆ ಮೇವಿನ ಖರ್ಚಿಗೆಂದು ಸಹಾಯಧನ ಕೊಡುವ ಯೋಜನೆ. ನಾನೂ ಪತ್ರಿಕೆಯಲ್ಲಿ ನೋಡಿದ್ದೆ. ಒಳ್ಳೆಯ ಯೋಜನೆಯೇ. ಈಗಲೂ ಹೇಳುತ್ತೇನೆ, ಕಾಗದದ ಮೇಲೆ ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಹಾಲು ಕೊಡದ, ಉಳದ ಪ್ರಾಣಿಯನ್ನು ಊರಿಗಾಗಿ ಸಾಕುವವರಿಗೆ ಊರಲ್ಲದೆ, ಸರ್ಕಾರವಲ್ಲದೆ ಇನ್ನು ಯಾರು ಕೊಡಬೇಕು?

ಮುಂದಿನ ಫೋನಿನಲ್ಲಿ ನಗು ಇರಲಿಲ್ಲ. ಯೋಜನೆಯ ಉದ್ಘಾಟನೆ ಚೆನ್ನೈಯಲ್ಲಿ. ಪ್ರತಿ ತಳಿಯಿಂದ ಒಂದು ಹೋರಿ ವೇದಿಕೆಯ ಎದುರು ನಿಲ್ಲಬೇಕು. ಬೆಟ್ಟದ ತಳಿಗೆ ಇವಳದನ್ನು ಆರಿಸಿದ್ದರು, ಮೈಕಟ್ಟು ಚೆನ್ನಾಗಿದೆಯೆಂದು. ಹೋರಿ ಲಾರಿ ಹತ್ತಿದರೆ ಸಹಾಯಧನ, ಹತ್ತದಿದ್ದರೆ ಹೆಸರು ಪಟ್ಟಿಯಿಂದ ಹೊರಗೆ.

"ಹುಟ್ಟಿದಾಗಿಂದ ಅದು ಬೆಟ್ಟ ಇಳಿದಿಲ್ಲ. ಸಂಬಳ ಕೊಡೋರು ಬಾಗಿಲಿಗೆ ತಂದು ಕೊಡ್ಲಿ. ನಿನ್ನ ಗಂಡ ಏನು ಡೆಲ್ಲಿಗೆ ಹೋಗಿ ನಿಂತ್ಕೊಂಡು ಸಂಬಳ ತಗತಾನಾ?" ಎಂದಳು. ನನಗೂ ಬೇಡವೆನಿಸಿತು, ಬೇಡವೆಂದೇ ಹೇಳಿದೆ. ಆದರೆ ಹುಲ್ಲು ಕೊಳ್ಳುವವಳು ನಾನಲ್ಲವಲ್ಲ... ಕೊನೆಗೆ ಹೊರಟುಬಿಟ್ಟಳು.

ಕತ್ತರಿ ಬಿಸಿಲಿನ ಕಾಲ. ಚೆನ್ನೈಯವರಿಗೆ ಆ ಮಾತು ಸಾಕು, ಬೇರೆ ಹೇಳಬೇಕಿಲ್ಲ. ಡಾಂಬರು ಕರಗಿ ಚಪ್ಪಲಿಗೆ ಅಂಟುವ ದಿನಗಳು. ತಂಪು ಬೆಟ್ಟದ ಪ್ರಾಣಿಯನ್ನು ಆ ಬಿಸಿಲಿನಲ್ಲಿ, ತೆರೆದ ಲಾರಿಯಲ್ಲಿ, ಅಷ್ಟು ದೂರ ನಿಲ್ಲಿಸಿಕೊಂಡು ತಂದರು. ಮಾಧವರಂ ಕಡೆ ಒಂದು ಮೈದಾನದಲ್ಲಿ ಇಳಿಸಿದರು. ನಾನು ಬುತ್ತಿ ಕಟ್ಟಿಕೊಂಡು ಕ್ರೋಂಪೇಟೆಯಿಂದ ಲೋಕಲ್ ಟ್ರೇನು ಹಿಡಿದು, ಆಮೇಲೆ ಬಸ್ಸು ಹತ್ತಿ ಹೋದೆ. ವೇದಿಕೆಗೆ ದಪ್ಪ ಬಟ್ಟೆಯ ಚಪ್ಪರ, ದೊಡ್ಡ ದೊಡ್ಡ ಕೂಲರುಗಳು. ಹೋರಿಗಳಿಗೆ ತಗಡಿನ ಶೀಟು. ಅದರ ಕೆಳಗೆ ಕೈ ಇಟ್ಟರೆ ಒಲೆಯ ಮುಂದೆ ಇಟ್ಟಂತೆ.

ಅಕ್ಕ ಹೋರಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ಬಂದವಳು ಊಟದ ಕಡೆ ನೋಡಲೂ ಇಲ್ಲ. "ನೀರು ಕುಡೀತಿಲ್ಲ ಕನವ್ವಾ. ತೊಟ್ಟಿ ನೀರಿಗೆ ಏನೋ ಔಷಧಿ ಹಾಕವ್ರೆ, ಮೂಸಿ ಮೂಸಿ ಹಿಂದಕ್ಕೆ ಹೋಯ್ತದೆ."

ಟ್ಯಾಂಕರಿನ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ. ನಾವಿಬ್ಬರೂ ಎದುರಿನ ಬೀದಿಗೆ ಹೋಗಿ ಬೋರ್‌ವೆಲ್ ಇರುವ ಮನೆ ಹುಡುಕಿದೆವು. ಒಬ್ಬ ಪುಣ್ಯಾತ್ಗಿತ್ತಿ ಎರಡು ಕೊಡ ತುಂಬಿಕೊಟ್ಟಳು. ಹಿಂಡಿ ನೆನೆಸಿಟ್ಟರಾದರೂ ತಿಂದೀತೆಂದು ಆಟೋ ಮಾಡಿಕೊಂಡು ಮಾಧವರಂ ಎಲ್ಲ ಸುತ್ತಿ ಒಂದು ಹಳೆಯ ಚೆಕ್ಕಿನ, ಅಂದರೆ ಗಾಣದ, ಅಂಗಡಿ ಹಿಡಿದೆವು. ಬಿಸಿ ಬಿಸಿ ಹಿಂಡಿಯನ್ನು ಅಕ್ಕ ಸೆರಗಿನಲ್ಲೇ ಕಟ್ಟಿಕೊಂಡಳು, ಆಟೋ ತುಂಬ ಅದೇ ವಾಸನೆ. ಅವಳ ಕೈಯಿಂದ ಹೋರಿ ಎರಡು ತುತ್ತು ತಿಂದಿತು, ಅರ್ಧ ಕೊಡ ನೀರು ಕುಡಿಯಿತು. ಅವಳ ಮುಖ ಅರಳಿತು. "ನಾಳೆ ಬೆಳಗಾನ ಫಂಕ್ಸನ್ನು ಮುಗೀತದಂತೆ. ಮಧ್ಯಾನಕ್ಕೆ ಲಾರಿ ಹತ್ತುಸ್ಕೊಂಡು ಹೊಂಟೋಯ್ತೀನಿ" ಎಂದಳು.

ಮಾರನೆಯ ದಿನ ಫಂಕ್ಷನ್ ಆಗಲಿಲ್ಲ. ಮುಖ್ಯ ಅತಿಥಿಗಳಿಗೆ ಬೇರೆ ಯಾವುದೋ ಸಭೆ ಬಂತಂತೆ. ಎಲ್ಲವೂ ಒಂದು ದಿನ ಮುಂದಕ್ಕೆ.

ಮೈದಾನದ ಉಸ್ತುವಾರಿಗೆ ಒಬ್ಬ ಅಧಿಕಾರಿ ಇದ್ದ. ಚಿಕ್ಕ ವಯಸ್ಸು, ಮೆಲುದನಿ, ಕತ್ತಿಗೆ ಒದ್ದೆ ಟವಲು. ಅಕ್ಕ ನನ್ನನ್ನು ಎಳೆದುಕೊಂಡು ಅವನ ಮುಂದೆ ನಿಲ್ಲಿಸಿದಳು. "ನನ್ನ ಹೋರಿ ಬಾಯಲ್ಲಿ ನೊರೆ ಬತ್ತಾ ಅದೆ. ನಾನು ಈಗಲೇ ಹೊಯ್ತೀನಿ ಅಂತ ಹೇಳು." ಹೇಳಿದೆ. ಅವನು ಕೈ ಮುಗಿದ. "ಕೊಂಜಂ ಅಡ್ಜಸ್ಟ್ ಪಣ್ಣುಂಗಮ್ಮಾ. ಇವತ್ತು ಹೋದರೆ ಅವರ ಹೆಸರು ಹೋಗುತ್ತೆ. ನನ್ನ ಕೈಲಿ ಏನೂ ಇಲ್ಲ" ಎಂದು ತಮಿಳಿನಲ್ಲಿ ಹೇಳಿದ. ನೆರಳಿರುವ ಕಡೆಗಾದರೂ ಕಟ್ಟಿಸಿ ಎಂದೆ. ಹಿಂದಿನ ಬೇವಿನ ಮರಗಳ ಕೆಳಗೆ ಅತಿಥಿಗಳ ಕಾರು ನಿಲ್ಲಬೇಕು, ಆಗುವುದಿಲ್ಲ ಎಂದ.

ಕಾರಿಗೆ ನೆರಳು. ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಕ್ಕನಿಗೆ ಅದನ್ನು ಕನ್ನಡದಲ್ಲಿ ಹೇಳಿದಾಗ ಅವಳು ಆಡಿದ ಮಾತನ್ನು ಹಾಗೆಯೇ ತಮಿಳಿಗೆ ಇಳಿಸಿದೆ, ಬೈಗುಳವನ್ನೂ ಬಿಡಲಿಲ್ಲ. ಆತ ಟವಲಿನಿಂದ ಮುಖ ಒರೆಸಿಕೊಂಡ.

ಮೂರನೆಯ ದಿನ ಹೊತ್ತೇರಿದ ಮೇಲೆ ಅತಿಥಿಗಳು ಬಂದರು. ನಾದಸ್ವರ, ಶಾಲು, ದೀಪ. ಹೋರಿಗಳಿಗೆ ಚೆಂಡುಹೂವಿನ ಹಾರ, ಕೊಂಬಿಗೆ ಬಣ್ಣ. ನಮ್ಮ ನಾಡಿನ ತಳಿ ನಮ್ಮ ತಾಯಿ ಇದ್ದಂತೆ, ಕಾಪಾಡದೆ ಬಿಡುವುದಿಲ್ಲ ಎಂದು ಭಾಷಣ. ಎಲ್ಲ ಹೋರಿಗಳ ಪೈಕಿ ಅಕ್ಕನದೇ ಚಂದವೆಂದು ಅದರ ಹಗ್ಗ ಹಿಡಿದುಕೊಂಡು ಅತಿಥಿಗಳು ಫೋಟೋಗೆ ನಿಂತರು. ಅದು ತಲೆ ಬಾಗಿಸಿಕೊಂಡು ನಿಂತಿತ್ತು. ಎಷ್ಟು ಸಾಧು ಎಂದು ಯಾರೋ ಮೆಚ್ಚಿಕೊಂಡರು. ಹತ್ತಿರ ಹೋದ ಗಂಡಸರನ್ನೆಲ್ಲ ಅಟ್ಟಿಸಿಕೊಂಡು ಬರುತ್ತಿದ್ದ ಹೋರಿ ಅದು. ಅದಕ್ಕೆ ತಲೆ ಎತ್ತುವ ಶಕ್ತಿಯೂ ಉಳಿದಿಲ್ಲವೆಂದು ಅಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಅವಳನ್ನು ವೇದಿಕೆಯ ಮೇಲೆ ಕರೆದು ಸಹಾಯಧನದ ಮೊತ್ತ ಬರೆದ ಥರ್ಮೊಕೋಲಿನ ಒಂದು ದೊಡ್ಡ ಹಲಗೆ ಕೊಟ್ಟರು, ಚಪ್ಪಾಳೆ ಹೊಡೆದರು. ಅವಳು ಮೈಕಿನ ಕಡೆ ಕೈ ಚಾಚಿದಳು. ಮೆಲ್ಲಗೆ ಭುಜ ಹಿಡಿದು ಕೆಳಗಿಳಿಸಿದರು.

ಅತಿಥಿಗಳ ಕಾರು ಹೊರಟು ಇನ್ನೂ ಧೂಳು ಅಡಗಿರಲಿಲ್ಲ. ಹೋರಿ ಮುಂಗಾಲು ಮಡಿಸಿ ಕುಸಿಯಿತು. ಡಾಕ್ಟರು ಓಡಿ ಬಂದರು, ಸೂಜಿ ಹಾಕಿದರು, ಬಾಟಲಿ ಏರಿಸಿದರು, ಮೈಮೇಲೆ ನೀರು ಸುರಿದರು. ಪಾಪ, ಅವರು ತಮ್ಮ ಕೈಲಾದದ್ದನ್ನು ಮಾಡಿದರು. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಗೆದೊಗಲು ಕೆರೆಯುತ್ತಾ ಬೈಯುತ್ತಿದ್ದಳು. "ಏಳೋ ಮುಂಡೇದೇ, ಏಳು... ಇಲ್ಲಿ ಮಲಗ್ತಾರಾ..." ಅಂದು ಅದು ಕಣ್ಣು ಮುಚ್ಚಲಿಲ್ಲ. ತೆರೆದುಕೊಂಡೇ ಹೋಯಿತು.

ಅವಳು ಅಳಲಿಲ್ಲ. ತಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದಳು. ನೇರವಾಗಿ ವೇದಿಕೆಯ ಹಿಂಭಾಗಕ್ಕೆ ಹೋಗಿ, ಅಲ್ಲಿ ಕಟ್ಟಿದ್ದ ದೊಡ್ಡ ಫ್ಲೆಕ್ಸನ್ನು ಎರಡು ಕೈಯಿಂದ ಎಳೆದಳು. ಒಂದು ಬದಿಯ ಹಗ್ಗ ಹರಿಯಿತು, ಇನ್ನೊಂದನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಕೈ ಮುಗಿದು ನಗುತ್ತಿರುವ ಅತಿಥಿಯ ಆಳೆತ್ತರದ ಮುಖ ಅದರಲ್ಲಿ. ಅದನ್ನು ಮೈದಾನದುದ್ದಕ್ಕೂ ಎಳೆದುಕೊಂಡು ಬಂದು ಹೋರಿಯ ಮೇಲೆ ಹೊದಿಸಿದಳು. ಆಮೇಲೆ ಅದರ ಅಂಚಿನ ಮೇಲೆ ಕೂತಳು.

ಆಗ ನೋಡಬೇಕಿತ್ತು ಓಡಾಟ! ನೀರು ತನ್ನಿ, ನೆರಳು ಕೊಡಿ ಎಂದು ಅಂಗಲಾಚಿದಾಗ ಯಾರೂ ಕಾಣದಿದ್ದ ಕಡೆ ಅಷ್ಟೊಂದು ಜನ ಎಲ್ಲಿದ್ದರೋ! ತೆಗಿ, ತೆಗಿ, ಯಾರಾದರೂ ಫೋಟೋ ತೆಗೆದರೆ ಗತಿಯೇನು, ಹೆಣದ ಮೇಲೆ ಅವರ ಮುಖ! ಹೋರಿ ಸತ್ತದ್ದಕ್ಕೆ ಅಲ್ಲ, ಮುಖಕ್ಕೆ ಆದ ಅಪಚಾರಕ್ಕೆ ಆ ಗಾಬರಿ. ಒಬ್ಬ ಹೆಣ್ಣು ಪೊಲೀಸನ್ನು ಕರೆಸಿದರು. ಆಕೆ ಬಗ್ಗಿ, "ಎನ್ನಮ್ಮಾ ಇದು, ಎಳುಂದಿರುಮ್ಮಾ" ಎಂದು ಏಳಲು ಹೇಳಿದಳು. ಅಕ್ಕ ನನ್ನ ಕಡೆ ತಿರುಗಿದಳು.

"ಕಾಪಾಡ್ತೀನಿ ಅಂದ್ರಲ್ಲ ಬುದ್ಧೀರು. ಕಾಪಾಡ್ಲಿ ಬುಡು ಅಂತ ಹೇಳವ್ವಾ."

ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಆ ಪೊಲೀಸಿನವಳು ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆ ಕಡೆ ಹೊರಟುಹೋದಳು. ಸಂಜೆ ಜೆಸಿಬಿ ಬರುವವರೆಗೂ ಅಕ್ಕ ಏಳಲಿಲ್ಲ, ನಾನೂ ಏಳಲಿಲ್ಲ.

ಆಮೇಲೆ ಅವಳು ಕೆಲವು ದಿನ ನಮ್ಮ ಮನೆಯಲ್ಲಿದ್ದಳು. ನಾವಿಬ್ಬರೂ ಆ ಯೋಜನೆಯ ಕಚೇರಿಗೆ ಅಲೆದೆವು. ಹೋರಿ ಅವರ ಕೆಲಸಕ್ಕೆ ಬಂದು ಸತ್ತಿದೆ, ಬದಲಿಗೆ ಅದೇ ತಳಿಯ ಒಂದು ಹೋರಿ ಕೊಡಿಸಿ, ಅಷ್ಟೇ ನಮ್ಮ ಬೇಡಿಕೆ. ದೊಡ್ಡ ಅಧಿಕಾರಿಯೊಬ್ಬರು ಕೊನೆಗೆ ಒಳಗೆ ಕರೆದರು. ಸಹಾಯಧನ ಬದುಕಿರುವ ಹೋರಿಗೆ, ಸತ್ತದ್ದಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಎಂದರು. ಹೋರಿ ಇಲ್ಲವೆಂದ ಮೇಲೆ ಇವರು ಹೋರಿ ಸಾಕುವವರೂ ಅಲ್ಲವಲ್ಲ ಎಂದರು. ಮೇಲಾಗಿ, ಆ ಫ್ಲೆಕ್ಸಿನ ವಿಷಯ ಮೇಲಿನವರಿಗೆ ತುಂಬ ಬೇಸರ ತಂದಿದೆಯಂತೆ. ಬೇಕಾದರೆ ಹಸುಗಳಿಗೆ ಕೃತಕ ಗರ್ಭಧಾರಣೆಯ ಸೂಜಿ ಹಾಕಿಸಿಕೊಳ್ಳಲಿ, ಅದು ಉಚಿತ ಎಂದರು.

ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಜೋರಾಗಿ ನಕ್ಕಳು. ಕಚೇರಿಯವರೆಲ್ಲ ತಿರುಗಿ ನೋಡಿದರು. "ಆ ಸೂಜಿಯೋನು ನಮ್ಮ ಬೆಟ್ಟ ಹತ್ತಿ ಬಂದಿದ್ರೆ ನಾನ್ಯಾಕವ್ವಾ ಇಷ್ಟು ಕಾಲ ಹೋರಿ ಸಾಕ್ತಿದ್ದೆ?"

ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಕೊನೆ.

ತಾಂಬರಂನಲ್ಲಿ ಈರೋಡಿನ ಬಸ್ಸು ಹತ್ತಿಸಿದೆವು. ಕಿಟಕಿಯ ಸರಳಿನ ಸಂದಿಯಿಂದ ನನ್ನ ಕೈ ಹಿಡಿದುಕೊಂಡಳು. "ನಮ್ಮೋರಿಗೆ ಏನಂತ ಹೇಳ್ಲವ್ವಾ?" ಎಂದಳು. ಆಗ ಅತ್ತಳು. ನನ್ನ ಗಂಡ ಅತ್ತ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು...

ಅವಳ ಹೆದರಿಕೆ ನಿಜವಾಯಿತು. ಹಾಡಿಯವರು ಸರ್ಕಾರವನ್ನು ಬೈಯಲಿಲ್ಲ, ಅವಳನ್ನು ಬೈದರು. ದುಡ್ಡಿನ ಆಸೆಗೆ ಊರಿನ ಹೋರಿಯನ್ನು ಪೇಟೆಗೆ ಒಯ್ದು ಕೊಂದಳು ಎಂದರು. ಯಾವತ್ತೂ ಒಂದು ಕಾಸು ತೆಗೆದುಕೊಳ್ಳದವಳಿಗೆ ಆ ಮಾತು! ಬೆದೆಗೆ ಬಂದ ಹಸುಗಳನ್ನು ಕಾಡು ದಾಟಿಸಿ ದೂರದ ಹಾಡಿಗೆ ಹೊಡೆದುಕೊಂಡು ಹೋಗಬೇಕಾಯಿತು. ಕೆಲವರು ಹೋದರು, ಬಹಳ ಜನ ಬೇಸತ್ತು ಹಸುಗಳನ್ನೇ ಮಾರಿದರು. ನಾವು ಮತ್ತೊಮ್ಮೆ ಬೆಟ್ಟಕ್ಕೆ ಹೋದಾಗ ಅವಳ ಕೊಟ್ಟಿಗೆಯಲ್ಲಿ ಸೌದೆ ಒಟ್ಟಿದ್ದರು. ಅವಳು ನಮಗೆ ಮುದ್ದೆ ಸಾರು ಮಾಡಿ ಬಡಿಸಿದಳು. ಯಾರ ಮೇಲೂ ಒಂದು ಚಾಡಿ ಹೇಳಲಿಲ್ಲ. ನನ್ನ ಕನ್ನಡವನ್ನು ಆಡಿಕೊಳ್ಳಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಆ ಗಂಟಲು ಎಲ್ಲಿ ಹೋಯಿತೋ... ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ತೀರಿಕೊಂಡ ಸುದ್ದಿ ಬಂತು. ಏನೂ ಕಾಯಿಲೆ ಇರಲಿಲ್ಲವಂತೆ.

ಆ ಅತಿಥಿ ಹಗ್ಗ ಹಿಡಿದು ನಿಂತ ಫೋಟೋವನ್ನು ಆಮೇಲೆ ಎಷ್ಟೋ ಕಡೆ ನೋಡಿದೆ, ಬಸ್ಸಿನ ಹಿಂಬದಿಯಲ್ಲೂ ಇತ್ತು. ಆ ಬಸ್ಸು ಬಂದರೆ ನಾನು ಹತ್ತುತ್ತಿರಲಿಲ್ಲ.

ಎಣ್ಣೆ ಅಂಗಡಿಯಿಂದ ಬಂದ ಮೂರು ನಾಲ್ಕು ದಿನಕ್ಕೆ ಬೆಟ್ಟದಿಂದ ಫೋನು. ಅಕ್ಕನ ತಮ್ಮನ ಮಗಳು. ಅವಳಿಗೆ ನಾನು ಮದ್ರಾಸತ್ತೆ. ಆಚೆ ಬೆಟ್ಟದಿಂದ ಒಂದು ಗಂಡುಕರು ತಂದು ಸಾಕಿದ್ದಾಳೆ, ಈಗ ಅದು ಬೆಳೆದು ಹೋರಿಯಾಗಿದೆಯಂತೆ.

"ಮದ್ರಾಸತ್ತೆ, ಹೋರಿ ಸಾಕೋರಿಗೆ ಸರ್ಕಾರ ಮತ್ತೆ ದುಡ್ಡು ಕೊಡ್ತದಂತೆ. ನನ್ನ ಹೆಸರೂ ಬರ್ಕೊಂಡವ್ರೆ. ಆದ್ರೆ ಹೋರಿನ ಮದ್ರಾಸಿಗೆ ತರ್ಬೇಕಂತೆ. ಏನ್ ಮಾಡ್ಲಿ?"

"ತರಬೇಡ" ಎಂದೆ. ಕೂಗಿಯೇ ಹೇಳಿದೆನೇನೋ, ಮಗಳು ಒಳಗಿನಿಂದ ಓಡಿ ಬಂದಳು.

"ತರ್ದೆ ಇದ್ರೆ ದುಡ್ಡು ಕೊಡಲ್ವಲ್ಲ ಅತ್ತೆ. ಹುಲ್ಲಿಗೇನ್ ಮಾಡ್ಲಿ?"

ಅವಳಿಗೆ ಫೋನ್ ಮಾಡಿದ ಅಧಿಕಾರಿಯ ನಂಬರು ಇಸಿದುಕೊಂಡೆ. ಮಾರನೆಯ ಬೆಳಿಗ್ಗೆ ಮಾಡಿದೆ. ನೀವೇ ಬೆಟ್ಟ ಹತ್ತಿ ಹೋಗಿ, ಹೋರಿಯನ್ನು ಅದು ನಿಂತ ಜಾಗದಲ್ಲೇ ನೋಡಿ, ಅಲ್ಲೇ ದುಡ್ಡು ಕೊಡಿ ಎಂದೆ. ಹಿಂದೆ ನಡೆದದ್ದನ್ನೂ ಹೇಳಿದೆ. ರಾತ್ರಿಯೆಲ್ಲ ಕೂತು ಏನೇನೋ ಕಟುವಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಬಾಯಿಂದ ಹೊರಟದ್ದೆಲ್ಲ ಮದರಾಸಿನ ಮರ್ಯಾದಸ್ಥ ತಮಿಳು, ಸಾರ್, ದಯವಿಟ್ಟು, ಸ್ವಲ್ಪ ನೋಡಿ. ಆತ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಕನ್ಸಿಡರ್ ಪಣ್ರೋಂ ಮಾ" ಎಂದು ಫೋನ್ ಇಟ್ಟ.

ಆ ಹುಡುಗಿಗೆ ಇನ್ನೂ ಏನೂ ಹೇಳಿಲ್ಲ. ದಿನಾ ಫೋನ್ ಎತ್ತಿಕೊಳ್ಳುತ್ತೇನೆ, ಇಡುತ್ತೇನೆ. ಅಕ್ಕ ಇರಬೇಕಿತ್ತು. ಅವಳ ಹಾಗೆ ಬೈಯುವುದಕ್ಕೆ ನನಗೆ ಬರುವುದಿಲ್ಲ...